ಬುರಾನಸಾಬರ ಮನೆಯ ತೆರೆದ ವೈಫೈ

2009ರ ಮಾತು. ಬೈಲಹೊಂಗಲದ ಹತ್ತಿ ವ್ಯಾಪಾರಿ ಬುರಾನಸಾಬರು ದೂರದ ಪೇಟೆಗಳ ಧಾರಣೆ ನೋಡಲೆಂದು ಮನೆಗೆ ಇಂಟರ್‌ನೆಟ್ ಹಾಕಿಸಿದ್ದರು. ತಂತಿಯಿಲ್ಲದೆ ಮನೆಯಲ್ಲೆಲ್ಲ ನೆಟ್ ಸಿಗುವ ವೈಫೈ ಡಬ್ಬಿ. ಕೂಡಿಸಲು ಬಂದವನು, "ಪಾಸ್‌ವರ್ಡ್ ಹಾಕಲೇನ್ರಿ?" ಎಂದು ಕೇಳಿದ್ದ.

"ಯಾರು ನೆಪ್ಪ ಇಡೂದಪ್ಪ ಅದನ್ನ? ಹಂಗ ಬಿಡು," ಎಂದಿದ್ದರು ಬುರಾನಸಾಬರು.

ನಾಲ್ಕು ತಿಂಗಳ ಮೇಲೆ ಒಂದು ಮುಂಜಾನೆ ಪೊಲೀಸ್ ಫೌಜದಾರರು ಬಾಗಿಲಿಗೆ ಬಂದರು. ಪಕ್ಕದ ಮನೆಯ ಅಂದಾನೆಪ್ಪನವರ ಮಗಳು ಗಂಗಾಳ ಮದುವೆ ಸವದತ್ತಿಯ ಹುಡುಗನೊಂದಿಗೆ ಗೊತ್ತಾಗಿತ್ತು. ಅವಳ ನಡತೆಯ ಬಗ್ಗೆ ಹೊಲಸು ಬರೆದ ಮೇಲ್ ಒಂದು ಬೀಗರಿಗೆ ಹೋಗಿತ್ತು. ಬೀಗರು ಮದುವೆ ತಡೆದರು. ಅಂದಾನೆಪ್ಪನವರು ದೂರು ಕೊಟ್ಟಿದ್ದರು.

"ಆ ಮೇಲ್ ಹೋಗಿದ್ದು ನಿಮ್ಮ ಮನಿ ನೆಟ್‌ನಿಂದ," ಎಂದರು ಫೌಜದಾರರು.

ಬುರಾನಸಾಬರು ಪಕ್ಕದ ಮನೆಯ ಕಡೆ ನೋಡಿದರು. ಗಂಗಾ ಅವರ ಕಣ್ಣೆದುರೇ ಬೆಳೆದ ಹುಡುಗಿ. "ಇದು ನಮ್ಮವರ ಕೆಲಸ ಅಲ್ರಿ. ಡಬ್ಬಿ ಕಂಪನಿಯವರು ಕೂಡಿಸ್ಯಾರ, ಅವರನ್ನ ಕೇಳ್ರಿ."

"ಕಂಪನಿಯವರ ನಿಮ್ಮ ಹೆಸರು ಹೇಳ್ಯಾರ. ಲೈನ್ ನಿಮ್ಮ ಹೆಸರಿಲೆ ಐತಿ."

ಫೌಜದಾರರು ಮನೆಯ ಕಂಪ್ಯೂಟರ್ ಜಾಲಾಡಿದರು. ಏನೂ ಸಿಗಲಿಲ್ಲ. ಆದರೆ ತಮ್ಮ ಮನೆಯ ಕಟ್ಟೆಯ ಮೇಲೆ ನಿಂತಿದ್ದ ಅಂದಾನೆಪ್ಪನವರು ಬುರಾನಸಾಬರ ಮುಖ ಕಂಡದ್ದೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೂವತ್ತು ವರ್ಷದ ನೆರೆ ಅದು. ಆ ದಿನ ಬುರಾನಸಾಬರು ಹೆಂಡತಿ ಮಕ್ತುಮಬಿ ಬಡಿಸಿದ ಊಟ ಬಿಟ್ಟು ಎದ್ದರು.

ಮೂರನೆಯ ದಿನ ಗಂಗಾ ತಾನೇ ಬಂದಳು. ಊರಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುವ ಹುಡುಗಿ. ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು.

"ಕಾಕಾ, ನೀವು ಬರದೀರಿ ಅಂತ ನಾ ಯಾರ ಮುಂದೂ ಅಂದಿಲ್ಲ. ಒಂದೀಟು ನಮ್ಮ ಕಟ್ಟಿಗೆ ಬರ್ರಿ."

ಕಟ್ಟೆಯ ಮೇಲೆ ಕುಳಿತು ಅವಳು ಲ್ಯಾಪ್‌ಟಾಪ್ ತೆರೆದಳು. ಕ್ಷಣದಲ್ಲಿ ನೆಟ್ ಬಂತು.

"ಇದು ನಿಮ್ಮ ಮನೀದು. ಪಾಸ್‌ವರ್ಡ್ ಅನ್ನೂ ಕೀಲಿ ಇಲ್ಲ, ನೀ ಯಾರು ಅಂತ ನನ್ನ ಕೇಳಲಿಲ್ಲ ನೋಡ್ರಿ. ಗ್ವಾಡಿ ದಾಟಿ ಓಣಿಗೆಲ್ಲ ಸಿಗತೈತಿ. ಯಾರು ಏನು ಮಾಡಿದ್ರೂ ಹೆಸರು ಬರೂದು ನಿಮ್ಮದು."

"ಹಂಗಾರ ಕೀಲಿ ಹಾಕಿ ಕೊಡೂದು ಕಂಪನಿಯವರ ಕೆಲಸ ಅಲ್ಲೇನವಾ?"

"ಅವರದೂ ತಪ್ಪೈತ್ರಿ. ತಿಳಿಸಿ ಹೇಳಿ, ಹಾಕೇ ಹೋಗಬೇಕಿತ್ತು. ಆದ್ರ ಬಡಿಗ್ಯಾ ಬಾಗಿಲಾ ಕೂಡಿಸಿ ಹೋಗತಾನ. ಅಗಳಿ ಹಾಕಾವರು ಮನಿಯವರಲ್ಲೇನ್ರಿ?"

ಬುರಾನಸಾಬರು ಎದ್ದು ಅವಳನ್ನು ತಮ್ಮ ಮನೆಯೊಳಗೆ ಕರೆದೊಯ್ದು ಡಬ್ಬಿ ತೋರಿಸಿದರು. ಆಮೇಲೆ, "ಹಾಕವಾ ಕೀಲಿ," ಎಂದರು.

ಗಂಗಾ ಮೊದಲು ಆ ನೆಟ್ ಬಳಸಿದ ಯಂತ್ರಗಳ ಪಟ್ಟಿಯನ್ನು ಡಬ್ಬಿಯಿಂದ ತೆಗೆದು ನೋಡಿದಳು. ಮನೆಯವರದಲ್ಲದ ಲ್ಯಾಪ್‌ಟಾಪ್ ಒಂದು ಅದರಲ್ಲಿ ಕಂಡಿತು. ಅದರ ಗುರುತನ್ನು ಅವಳು ಬರೆದುಕೊಟ್ಟಳು, ಬುರಾನಸಾಬರು ಫೌಜದಾರರಿಗೆ ಮುಟ್ಟಿಸಿದರು. ಡಬ್ಬಿಯ ಸೆಟ್ಟಿಂಗ್ ತೆರೆಯಲು ಕಂಪನಿ ಇಟ್ಟಿದ್ದ ಹಳೆಯ ಪಾಸ್‌ವರ್ಡನ್ನು ಗಂಗಾ ಬದಲಿಸಿದಳು. ವೈಫೈಗೆ ಬೇರೆಯೇ ಒಂದು ಬೇಕೆಂದಳು.

"ನನ್ನ ಫೋನ್ ನಂಬರ್ ಇಡು."

"ಅದು ಹತ್ತಿ ಪ್ಯಾಟಿಗೆಲ್ಲ ಗೊತ್ತೈತಲ್ರಿ ಕಾಕಾ."

ಮಕ್ತುಮಬಿ ಮೂರು ದಿನಗಳಲ್ಲಿ ಮೊದಲ ಸಲ ನಕ್ಕರು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತುಗಳ ನಡುವೆ ಅಂಕಿ ಸೇರಿಸಿ ಅವರೇ ಉದ್ದದ್ದೊಂದು ಪಾಸ್‌ವರ್ಡ್ ಕಟ್ಟಿಕೊಟ್ಟರು.

ಆ ಗುರುತನ್ನು ಓಣಿಯ ಲ್ಯಾಪ್‌ಟಾಪ್‌ಗಳಿಗೆ ಹೋಲಿಸಿ ನೋಡಿದ ಪೊಲೀಸರಿಗೆ ಎಂಟು ದಿನದಲ್ಲಿ ಮೇಲ್ ಬರೆದವನು ಸಿಕ್ಕ. ಎದುರುಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವನು. ಗಂಗಾಳನ್ನು ಮದುವೆಗೆ ಕೇಳಿ ಬೇಡವೆನಿಸಿಕೊಂಡವನು. ಆ ಸುದ್ದಿ ಹೇಳಲು ಅಂದಾನೆಪ್ಪನವರು ಬಂದು ತಲೆ ತಗ್ಗಿಸಿ ನಿಂತರು. ಬುರಾನಸಾಬರು ಅವರ ಕೈ ಹಿಡಿದು, "ನಡಿ, ಸವದತ್ತಿಗೆ ಹೋಗೂಣು," ಎಂದರು.

ಬೀಗರಾದ ಬಸಲಿಂಗಪ್ಪನವರ ಪಡಸಾಲೆಯಲ್ಲಿ ಕುಳಿತು ಬುರಾನಸಾಬರು ನೇರವಾಗಿ ಹೇಳಿದರು. "ಮೇಲ್ ಬರದಾಂವ ಸಿಕ್ಕಾನ್ರಿ. ಆದ್ರ ಅವಗ ಬಾಗಿಲಾ ತೆರದಿಟ್ಟಾಂವ ನಾನು. ತಪ್ಪು ನಂದು, ಹುಡುಗೀದಲ್ಲ."

ಬಸಲಿಂಗಪ್ಪನವರು ಎದ್ದು ಬಂದರು. ಹಿಂದು ಮುಂದು ನೋಡದೆ ಆ ಮೇಲ್ ನಂಬಿದ್ದಕ್ಕೆ ಅಂದಾನೆಪ್ಪನವರಿಗೆ ಕೈ ಮುಗಿದರು. ಮದುವೆ ಮತ್ತೆ ಗೊತ್ತಾಯಿತು. ಬೀಳ್ಕೊಡುವಾಗ ಅವರು ದನಿ ತಗ್ಗಿಸಿ, "ಸಾಹೇಬ್ರ, ನಮ್ಮ ಮನ್ಯಾಗೂ ಆ ಡಬ್ಬಿ ಐತಿ. ಕೀಲಿ ಹಾಕೈತೋ ಇಲ್ಲೋ, ಹೆಂಗ ನೋಡೂದ್ರಿ?" ಎಂದು ಕೇಳಿದರು.

"ಮಂದೀದೊಂದು ಲ್ಯಾಪ್‌ಟಾಪ್ ತಂದು ಅಂಗಳದಾಗ ತೆರೀರಿ. ಪಾಸ್‌ವರ್ಡ್ ಕೇಳದ ನೆಟ್ ಬಂದ್ರ ಕೀಲಿ ಇಲ್ಲಂತ ತಿಳೀರಿ," ಎಂದರು ಬುರಾನಸಾಬರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವೈಫೈ ಇದ್ದರೆ ಇಂದೇ ನೋಡಿರಿ. ಪಾಸ್‌ವರ್ಡ್ ಇಲ್ಲದಿದ್ದರೆ ಕೂಡಿಸಿದವರನ್ನು ಕರೆಸಿ ಹಾಕಿಸಿರಿ. ತಿಳಿಯದ್ದನ್ನು ಕೇಳಲು ನಾಚಬೇಡಿರಿ. ಕಂಪನಿಗೂ ಹೊಣೆಯಿದೆ, ಆದರೆ ಲೈನ್ ಯಾರ ಹೆಸರಿನಲ್ಲಿದೆಯೋ ಮೊದಲ ಹೊಣೆ ಅವರದು. ನಿಮ್ಮ ಹೆಸರನ್ನು ನೀವೇ ಕಾಯಿರಿ.