ಅವ್ವನ ಬದಲು ಹೇಳಿದ ಉತ್ತರ

ಆ ಊರಿನ ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಹೆಂಗಸರಿಗೆ ಎರಡೇ ಕಾಯಿಲೆ ಬರೆದಿರುತ್ತಿತ್ತು. ಒಂದು ತಲೆನೋವು, ಇನ್ನೊಂದು ಮೊಣಕಾಲು ನೋವು.

ಅದಕ್ಕೆ ಕಾರಣವಿತ್ತು. ಕೇಂದ್ರದ ಒಳಕೋಣೆಯಲ್ಲಿ ಔಷಧಿಯ ಖಾಲಿ ಡಬ್ಬಿಗಳು, ಮುರಿದ ಮಂಚ, ಹಳೆಯ ಕಾಗದದ ಗಂಟು ತುಂಬಿದ್ದವು. ಹಾಗಾಗಿ ಡಾಕ್ಟರ ಟೇಬಲ್ಲು ಪಡಸಾಲೆಗೆ ಬಂದಿತ್ತು. ಟೇಬಲ್ಲಿನ ಎದುರು ಒಂದು ಸ್ಟೂಲು, ಸ್ಟೂಲಿನ ಬೆನ್ನಿಗೇ ಸಾಲು. ಸಾಲಿನಲ್ಲಿ ಮೈದುನ, ಭಾವ, ಕಿರಾಣಿ ಅಂಗಡಿಯವನು, ಎಲ್ಲರೂ. ಡಾಕ್ಟರು ಒಳ್ಳೆಯವರೇ. "ಏನಾಗೈತ್ರಿ?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಮೂವತ್ತು ಜನರ ಎದುರು ಹೆಣ್ಣುಮಗಳು ಏನು ಹೇಳಬೇಕು? ತಲೆ ನೋಯುತ್ತದೆ ಎನ್ನುತ್ತಿದ್ದಳು. ಗುಳಿಗೆ ಇಸಿದುಕೊಂಡು ಮನೆಗೆ ಬರುತ್ತಿದ್ದಳು.

ಕಲ್ಲೋಳಿಯಿಂದ ಎರಡು ಮೈಲಿ ಒಳಗಿರುವ ಈ ಊರಿನಲ್ಲಿ ನೇಮಿನಾಥನದು ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ, ನೆಮ್ಮದಿಯ ಸಂಸಾರ. ಹೆಂಡತಿ ಸರಿತಾ. ತಾಯಿ ತ್ರಿಶಲಾಬಾಯಿಗೆ ಅರವತ್ತೆರಡು ವರ್ಷ. ತಾಯಿಯನ್ನು ಮಗ ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ಊರೇ ಹೇಳುತ್ತಿತ್ತು. ಅದು ಸುಳ್ಳೂ ಅಲ್ಲ. ಒಂದು ಬೆಳಿಗ್ಗೆ ಅವಳು, "ನನ್ನ ದವಾಖಾನಿಗೆ ಕರ್ಕೊಂಡ ಹೋಗೋ" ಎಂದಾಗ ಅವನು ಕಬ್ಬಿಗೆ ನೀರು ಹಾಯಿಸುವುದನ್ನು ಬಿಟ್ಟು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿದ್ದ. ಒಂದು ತಾಸು ಹೊರಗೆ ಬೇವಿನ ಮರದ ಕೆಳಗೆ ಕಾದಿದ್ದ.

"ಏನಂದ್ರವಾ ಡಾಕ್ಟರು?"

"ಗುಳಿಗಿ ಕೊಟ್ಟಾರ."

ಅಷ್ಟೇ. ಅವನೂ ಹೆಚ್ಚು ಕೇಳಲಿಲ್ಲ.

ಅದೇ ದಿನಗಳಲ್ಲಿ ತ್ರಿಶಲಾಬಾಯಿ ಬಸದಿಗೆ ಹೋಗುವುದನ್ನು ಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಬಸದಿಗೆ ಹೋಗಿಬರದೆ ಬಾಯಿಗೆ ಹನಿ ನೀರು ಹಾಕದವಳು, ಈಗ ಮನೆಯಲ್ಲೇ ಕೈಮುಗಿಯತೊಡಗಿದಳು. ಮೊಣಕಾಲು ಹಿಡಿದಿರಬೇಕು ಎಂದುಕೊಂಡ ನೇಮಿನಾಥ ಮೂಡಲಗಿ ಸಂತೆಯಿಂದ ನೋವಿನ ಎಣ್ಣೆ ತಂದುಕೊಟ್ಟ. ಅವಳು ಸುಮ್ಮನೆ ಇಸಿದುಕೊಂಡು ಗೂಡಿನಲ್ಲಿಟ್ಟಳು.

ಎರಡು ತಿಂಗಳಾದ ಮೇಲೆ, ಕಾರ್ತಿಕದಲ್ಲಿ, ಒಬ್ಬ ಹುಡುಗಿ ಮನೆಯ ಮುಂದೆ ಬಂದು ನಿಂತಳು. ಹೆಗಲಿಗೆ ಚೀಲ, ಕೈಯಲ್ಲಿ ಬರೆದುಕೊಳ್ಳುವ ಹಾಳೆ. ನೇಮಿನಾಥ ಬಾಜೂ ಮನೆಯ ಸಿದ್ರಾಯನ ಜೊತೆ ಕಟ್ಟೆಯ ಮೇಲೆ ಕೂತಿದ್ದ.

"ನಮಸ್ಕಾರ್ರಿ. ನನ್ನ ಹೆಸರ ಆಮ್ರಪಾಲಿ, ಸಂಕೇಶ್ವರದಾಕಿ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕಿನ್ಯಾಗ ಒಂದ ಅಧ್ಯಯನ ನಡದೈತ್ರಿ. ದವಾಖಾನಿಗೆ ಹೋದ್ರ ಜನಕ್ಕ ಹೆಂಗ ಅನಸ್ತೈತಿ, ಎಷ್ಟೊತ್ತ ಕಾಯ್ತಾರ, ಮನಸ ಬಿಚ್ಚಿ ಮಾತಾಡಾಕ ಆಗ್ತೈತೋ ಇಲ್ಲೋ, ಅದನ್ನ ಕೇಳಾಕ ಬಂದೇನ್ರಿ."

ಸಿದ್ರಾಯ ನಕ್ಕ. "ಇಂಥಾವ್ರು ಎಷ್ಟ ಮಂದಿ ಬಂದ ಬರಕೊಂಡ ಹೋದ್ರವಾ ತಂಗಿ. ಹಾಳಿ ತುಂಬಿದ್ವು, ಮತ್ತೇನೂ ಆಗಲಿಲ್ಲ."

"ಖರೆ ಐತ್ರಿ ಕಾಕಾ. ಆದ್ರ ಎಲ್ಲಾರೂ ಹಾಳಿಯಾಗ 'ಚಲೋ ಐತಿ' ಅಂತ ಬರಿಸಿದ್ರ, ಓದಾವ್ರೂ ಚಲೋ ಐತಿ ಅಂತನ ತಿಳ್ಕೋತಾರ" ಎಂದಳು ಆಮ್ರಪಾಲಿ. ಆಮೇಲೆ ನೇಮಿನಾಥನ ಕಡೆ ತಿರುಗಿದಳು. "ಚೀಟಿ ಎತ್ತಿದಾಗ ಈ ಮನಿಯೊಳಗ ಅವ್ವಾರ ಹೆಸರ ಬಂದೈತ್ರಿ. ಅವ್ರನ್ನ ಒಬ್ರನ್ನ ಹತ್ತ ನಿಮಿಷ ಕೇಳಬೇಕಿತ್ತು. ಅವ್ರು ಒಪ್ಪಿದ್ರ ಅಷ್ಟ. ಹೇಳಿದ್ದನ್ನ ಹೆಸರ ಹಚ್ಚಿ ಯಾರಿಗೂ ಹೇಳೂದಿಲ್ರಿ."

"ಅಕೀಗೇನ ಗೊತ್ತಾಗ್ತೈತ್ರಿ? ದವಾಖಾನಿಗೆ ಕರ್ಕೊಂಡ ಹೋಗಾಂವ ನಾ. ನಾ ಹೇಳ್ತೇನಿ, ಬರ್ಕೋರಿ."

"ಅವ್ರ ಬಾಯಿಲೇ ಕೇಳಿದ್ರ ಚಲೋರಿ ಅಣ್ಣಾರ."

"ನಮ್ಮ ಮನ್ಯಾಗ ಮುಚ್ಚಿಡೂವಂಥಾದ್ದ ಏನೂ ಇಲ್ಲ. ಕೇಳ್ರಿ ನೀವು."

ಅಷ್ಟರಲ್ಲಿ ತ್ರಿಶಲಾಬಾಯಿ ಬಾಗಿಲಿಗೆ ಬಂದು ನಿಂತಳು. ಸೆರಗಿನ ತುದಿ ಕೈಯಲ್ಲಿ ಹಿಡಿದಿದ್ದಳು. ಹುಡುಗಿಯ ಮುಖ ನೋಡಿ, "ಯವ್ವಾ, ನಂದೊಂದ..." ಎಂದಳು.

"ಅವ್ವಾ, ಚಾ ಇಡ ಹೋಗ. ಬಿಸಲಾಗ ಬಂದಾರ" ಎಂದ ನೇಮಿನಾಥ.

ಅವಳು ಒಳಗೆ ಹೋದಳು. ಅವನು ಉತ್ತರ ಹೇಳಿದ. ಅವ್ವಗೆ ಏನು ತ್ರಾಸು? ಮೊಣಕಾಲು. ಬೇಕಾದಾಗ ಚಿಕಿತ್ಸೆ ಸಿಕ್ಕಿತೋ? ಸಿಕ್ಕಿತು. ಡಾಕ್ಟರ ಮುಂದೆ ಎಲ್ಲ ಹೇಳಿಕೊಳ್ಳಲು ಆಯಿತೋ? ಆಯಿತು. ಆಮ್ರಪಾಲಿ ಬರೆದುಕೊಳ್ಳುವಾಗ ಎರಡು ಸಲ ಬಾಗಿಲ ಕಡೆ ನೋಡಿದಳು. ಮನೆಯ ಬೇರೆಯವರು ಹೇಳಿದ ಉತ್ತರವೆಂದು ಹಾಳೆಯ ತುದಿಗೆ ಗುರುತು ಹಾಕಿದಳು. ಚಹಾ ಕುಡಿದು ಹೋಗುವಾಗ, "ನಾಳಿನೂ ಇದ ಓಣ್ಯಾಗ ಇರ್ತೇನ್ರಿ. ಅವ್ವಾರಿಗೆ ಮಾತಾಡಬೇಕನಸಿದ್ರ ಹೇಳ್ರಿ" ಎಂದಳು. ನೇಮಿನಾಥ ಆ ಮಾತನ್ನು ಒಳಗೆ ಮುಟ್ಟಿಸಲಿಲ್ಲ. ಬೇಕೆಂದು ಮುಚ್ಚಿಟ್ಟದ್ದಲ್ಲ, ಮರೆತ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಸರಿತಾ ಅತ್ತೆಯ ಸೀರೆ ಒಗೆಯಲು ಕೈಹಾಕಿದಳು. ತನ್ನ ಸೀರೆಯನ್ನು ತ್ರಿಶಲಾಬಾಯಿ ಯಾವಾಗಲೂ ತಾನೇ ಒಗೆದುಕೊಳ್ಳುತ್ತಿದ್ದಳು. ಅಂದು ಜ್ವರ ಬಂದು ಮಲಗಿದ್ದಳು. ಸೀರೆಯ ಕಲೆ ನೋಡಿ ಸರಿತಾ ಬಕೀಟನ್ನು ಅಲ್ಲೇ ಬಿಟ್ಟು ಒಳಗೆ ಬಂದು ಹಾಸಿಗೆಯ ಪಕ್ಕ ಕೂತಳು.

"ಅತ್ತಿ, ಇದು ಯಾವಾಗಿಂದ?"

ಮುದುಕಿ ಗೋಡೆಯ ಕಡೆ ಮುಖ ಮಾಡಿ ಹೇಳಿದಳು. "ಹ್ವಾದ ಶ್ರಾವಣದಿಂದ."

ಮುಟ್ಟು ನಿಂತು ಹನ್ನೆರಡು ವರ್ಷವಾದವಳಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಬಸದಿಯ ಮೆಟ್ಟಿಲು ಹತ್ತದೆ ಇದ್ದದ್ದು ಅದಕ್ಕೆ. ದವಾಖಾನೆಗೆ ಹೋಗಿದ್ದೂ ಅದನ್ನೇ ಹೇಳಲು. ಆದರೆ ಅಲ್ಲಿ ಅವಳ ಬೆನ್ನಿಗೇ ಸಿದ್ರಾಯ ನಿಂತಿದ್ದ. ಡಾಕ್ಟರು ಏನಾಗೈತ್ರಿ ಎಂದಾಗ ಅವಳ ಬಾಯಿಗೆ ಬಂದದ್ದು ತಲೆನೋವು.

ಗೋಕಾಕದಲ್ಲಿ ಹೆಣ್ಣು ಡಾಕ್ಟರೊಬ್ಬರು ಕೋಣೆಯ ಬಾಗಿಲು ಹಾಕಿ ಪರೀಕ್ಷೆ ಮಾಡಿದರು. ಒಳಗಿನ ಮಾಂಸದ ಸಣ್ಣ ತುಣುಕು ತೆಗೆದು ತಪಾಸಣೆಗೆ ಬೆಳಗಾವಿಗೆ ಕಳಿಸಿದರು. ವರದಿ ಬಂದ ದಿನ ನೇಮಿನಾಥನನ್ನೂ ಒಳಗೆ ಕರೆದರು.

"ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗೈತ್ರಿ. ಆಜೂಬಾಜೂ ಹಬ್ಬೈತಿ. ಮುಟ್ಟ ನಿಂತ ಮ್ಯಾಲೆ ಒಂದ ಹನಿ ರಕ್ತ ಕಂಡ್ರೂ ತಡಾ ಮಾಡಬಾರದು. ವರ್ಷದ ಹಿಂದ ಬಂದಿದ್ರ ಗುಣಾ ಆಗಾಕ ಭಾಳ ಆಸ್ಪದ ಇತ್ತು."

ನೇಮಿನಾಥ ಮನಸ್ಸಿನಲ್ಲೇ ತಿಂಗಳು ಹಿಂದಕ್ಕೆ ಹೋದ. ಜ್ಯೇಷ್ಠ, ವೈಶಾಖ, ಚೈತ್ರ. ಕಾರ್ತಿಕಕ್ಕೆ ಬಂದಾಗ ಹಾಳೆ ಹಿಡಿದು ಬಂದ ಹುಡುಗಿ ನೆನಪಾದಳು.

ಬೆಳಗಾವಿಯ ಆಸ್ಪತ್ರೆಯಲ್ಲಿ ಐದು ವಾರ ಕರೆಂಟಿನ ಚಿಕಿತ್ಸೆ, ಎಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಒಂದು ಮಧ್ಯಾಹ್ನ ತಾಯಿ ಮಗ ಇಬ್ಬರೂ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದಾಗ ತ್ರಿಶಲಾಬಾಯಿ ತಾನಾಗಿಯೇ ಮಾತು ತೆಗೆದಳು.

"ಪ್ರಶ್ನಿ ಕೇಳಾಕ ಒಂದ ಹುಡಗಿ ಬಂದಿತ್ತಲ್ಲ ನೇಮಣ್ಣ, ಅದಕ್ಕ ಹೇಳಬೇಕಂತ ಬಾಗಲಾತನಕಾ ಬಂದಿದ್ದೆ. ಹೆಣಮಗಳು, ಹೇಳಬಹುದು ಅನಸ್ತು."

"ಮತ್ತ ಹೇಳಬೇಕಿತ್ತಲ್ಲವಾ."

"ನೀ ಚಾ ಇಡ ಅಂದಿ. ಒಳಗ ಹೋದೆ."

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನಿನಗ ತ್ರಾಸ ಆಗಬಾರದಂತ ನಾ ಹೇಳಿದ್ನೆವಾ."

"ಗೊತ್ತೈತೋ" ಎಂದು ಅವಳು ಮಗನ ಮೊಣಕೈ ಸವರಿದಳು. ಅಷ್ಟರಲ್ಲಿ ನರ್ಸು ಹೆಸರು ಕೂಗಿದಳು.

ಮಾಘ ಮಾಸದಲ್ಲಿ ತ್ರಿಶಲಾಬಾಯಿ ತೀರಿಕೊಂಡಳು.

ಯುಗಾದಿ ಕಳೆದ ಮೇಲೆ ಆಮ್ರಪಾಲಿ ಎರಡನೆಯ ಸಲ ಬಂದಳು. ಅದೇ ಮನೆಗಳಿಗೆ ಮತ್ತೊಮ್ಮೆ ಹೋಗಿ ಕೇಳುವುದಿತ್ತು. ನೇಮಿನಾಥ ಕಟ್ಟೆಯಿಂದ ಎದ್ದು ನಿಂತ. "ಅವ್ವಾರ ಎಲ್ಲಿ?" ಎಂದು ಅವಳು ಕೇಳುವ ಮೊದಲೇ ಹೇಳಿದ. ಎಲ್ಲವನ್ನೂ ಹೇಳಿದ, ಬಾಗಿಲಿಗೆ ಬಂದವಳನ್ನು ಒಳಗೆ ಕಳಿಸಿದ್ದನ್ನೂ ಬಿಡಲಿಲ್ಲ.

"ನಾ ಆವಾಗ ಬರಿಸಿದ್ದನ್ನ ಅಳಸ್ರಿ ತಂಗಿ. ಅದು ಸುಳ್ಳ ಐತಿ."

ಆಮ್ರಪಾಲಿ ಚೀಲದಿಂದ ಹೊಸ ಹಾಳೆ ತೆಗೆದಳು. "ಹಿಂದಿನ ಹಾಳಿ ಅಳಸಾಕ ಬರೂದಿಲ್ರಿ ಅಣ್ಣಾರ. ಅವತ್ತ ನಾನೂ ಇನ್ನೊಂದ ಸಲ ಬಂದ ಕೇಳಬೇಕಿತ್ತು. ಬರಲಿಲ್ಲ. ಈಗ ನೀವು ಹೇಳಿದ್ದನ್ನ ಹಂಗಾ ಬರಕೋತೇನಿ. ಸರಿತಾ ಅಕ್ಕಾರ ಒಪ್ಪಿದ್ರ ಅವ್ರದೂ ಕೇಳ್ತೇನಿ."

"ಒಳಗ ಹೋಗಿ ಅಡಗಿಮನ್ಯಾಗ ಕುಂಡ್ರರಿ. ನಾ ಹೊಲಕ್ಕ ಹೊಂಟೇನಿ."

ಸಿದ್ರಾಯ ಇದನ್ನೆಲ್ಲ ತನ್ನ ಕಟ್ಟೆಯಿಂದ ನೋಡುತ್ತಿದ್ದ. ಅವನಿಗೆ ಸರಿಬರಲಿಲ್ಲ. "ಹೆಂಗಸರನ್ನ ಒಳಗ ಕುಂಡ್ರಿಸಿ ಏನ ಕೇಳ್ತಾರೋ ಏನೋ. ನಮ್ಮ ಮನ್ಯಾಗ ಇದು ನಡ್ಯಾಂಗಿಲ್ಲ ನೋಡ."

"ಕಾಕಾ, ಅವ್ವ ದವಾಖಾನಿಗೆ ಹ್ವಾದಾಗ ಆ ಸಾಲಿನ್ಯಾಗ ನೀ ಅಕೀ ಹಿಂದ ನಿಂತಿದ್ದಿ. ನಿಂದೇನ ತಪ್ಪಿಲ್ಲ. ಆದ್ರ ನೀ ಇದ್ದಿ ಅಂತ ಅಕಿ ಹೇಳಲಿಲ್ಲ. ಮನ್ಯಾಗ ಹೇಳಾಕ ಬಂದ್ರ ನಾ ಇದ್ದೆ. ಅಕಿ ಎಲ್ಲಿ ಹೇಳಬೇಕಿತ್ತು? ಹಣಮವ್ವ ಕಾಕೂಗ ಹತ್ತ ನಿಮಿಷ ಬಿಡ. ನೀ ನನ್ನ ಕೂಡ ಹೊಲಕ್ಕ ನಡಿ."

ಸಿದ್ರಾಯ ಗೊಣಗಿದ. ಆದರೆ ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ಹೊರಟ.

ಆ ಸಲ ಊರಿನಲ್ಲಿ ಇಪ್ಪತ್ತಮೂರು ಹೆಂಗಸರು ಒಬ್ಬೊಬ್ಬರೇ ಕೂತು ಮಾತಾಡಿದರು. ಯಾರೂ ಡಾಕ್ಟರನ್ನು ಬೈಯಲಿಲ್ಲ. ಔಷಧಿ ಇಲ್ಲವೆಂದೂ ಹೇಳಲಿಲ್ಲ. ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಹೇಳಿದ್ದು ಆ ಪಡಸಾಲೆಯ ಟೇಬಲ್ಲಿನ ಮಾತು. ಯಾರ ಹೆಸರೂ ಇಲ್ಲದೆ ಅದು ವರದಿಯಲ್ಲಿ ಬಂತು. ಪಂಚಾಯಿತಿಯಲ್ಲಿ ಆರೋಗ್ಯ ಸಮಿತಿಯ ಸಭೆ ಕರೆದು ಓದಿದರು. ಡಾಕ್ಟರು ತಲೆ ತಗ್ಗಿಸಿ ಕೇಳಿ, "ಇದು ನನಗ ಒಬ್ಬರೂ ಹೇಳಿರಲಿಲ್ಲ" ಎಂದರು. ನಾಲ್ಕು ಜನ ಸೇರಿ ಒಂದೇ ದಿನದಲ್ಲಿ ಒಳಕೋಣೆ ಖಾಲಿ ಮಾಡಿದರು. ಬಾಗಿಲಿಗೆ ಚಿಲಕ ಹಾಕಿಸಿದರು, ಮಂಚಕ್ಕೆ ಪರದೆ ಕಟ್ಟಿದರು. ಬುಧವಾರ ಹೆಂಗಸರ ತಪಾಸಣೆಗೆ ನರ್ಸಮ್ಮ ಕೂರುತ್ತಾರೆಂದು ಬೋರ್ಡು ಬಿತ್ತು. ಒಂದು ದಿನದ ಕೆಲಸ. ಅಷ್ಟಕ್ಕೆ ಎಷ್ಟು ವರ್ಷ ಹಿಡಿದಿತ್ತು.

ಎರಡನೆಯ ಬುಧವಾರ ಸಿದ್ರಾಯನ ಹೆಂಡತಿ ಹಣಮವ್ವ ಹೋದಳು. ಗರ್ಭಕೋಶದ ಬಾಯಲ್ಲಿ ಸಣ್ಣ ಕಲೆ ಕಂಡಿತು. ಕ್ಯಾನ್ಸರ್ ಇನ್ನೂ ಆಗಿರಲಿಲ್ಲ, ಬಿಟ್ಟರೆ ಮುಂದೆ ಆಗಬಹುದಿತ್ತು. ಗೋಕಾಕದಲ್ಲಿ ಚಿಕಿತ್ಸೆ ಮಾಡಿಸಿಕೊಂಡು ಅವತ್ತೇ ಸಂಜೆ ಬಸ್ಸಿಗೆ ಊರಿಗೆ ಬಂದಳು.

ಮರುದಿನ ಸಿದ್ರಾಯ ನೇಮಿನಾಥನ ಹೊಲಕ್ಕೆ ಬಂದು ಬದುವಿನ ಮೇಲೆ ಕೂತ. "ಎಲ್ಲಾ ನಿಮ್ಮವ್ವನ ಪುಣ್ಯಾ" ಎಂದ.

"ಪುಣ್ಯಾ ಅಲ್ಲ ಕಾಕಾ" ಎಂದ ನೇಮಿನಾಥ. "ಅವ್ವ ಮಾತಾಡಾಕ ಬಂದಿದ್ಲು, ನಾ ಬಿಡಲಿಲ್ಲ. ಯಾರರೆ ಕೇಳಿದ್ರ ಹಿಂಗ ಹೇಳ." ಆಮೇಲೆ ಸನಿಕೆ ಎತ್ತಿಕೊಂಡು ನೀರು ತಿರುಗಿಸಲು ಹೋದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಓಣಿಗೂ ನಾಳೆ ಯಾರಾದರೂ ಇಂಥ ಪ್ರಶ್ನೆ ಹಿಡಿದು ಬರಬಹುದು. ಯಾರು, ಎಲ್ಲಿಂದ ಬಂದಿದ್ದೀರಿ, ಯಾಕೆ ಕೇಳುತ್ತೀರಿ ಎಂದು ವಿಚಾರಿಸಿ. ಉತ್ತರ ಹೇಳುವುದು ಬಿಡುವುದು ನಿಮ್ಮಿಷ್ಟ. ಆದರೆ ಹೇಳಿದರೆ ನಿಮ್ಮ ಮಾತನ್ನು ನೀವೇ ಹೇಳಿ, ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎನ್ನಬೇಡಿ. ಮನೆಯ ಇನ್ನೊಬ್ಬರ ಸರದಿ ಬಂದಾಗ ಹತ್ತು ನಿಮಿಷ ಹೊರಗೆ ಹೋಗಿ. ನಿಮ್ಮೂರಿನ ದವಾಖಾನೆಯಲ್ಲಿ ಗುಟ್ಟಾಗಿ ಮಾತಾಡಲು ಜಾಗವಿಲ್ಲವೇ? ಬೇಕೆಂದು ಕೇಳಿ. ಮೂವತ್ತು ದಾಟಿದ ಅಕ್ಕಂದಿರೇ, ತ್ರಾಸು ಇರಲಿ ಬಿಡಲಿ, ಒಮ್ಮೆ ಹೋಗಿ ತಪಾಸಣೆ ಮಾಡಿಸಿಕೊಳ್ಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅದೇ ದಿನ ಹೊರಡಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಿಮ್ಮ ಅವ್ವ ಈಗ ಮನೆಯಲ್ಲೇ ಇದ್ದಾಳಲ್ಲವೇ? ಹೋಗಿ ಅವಳ ಪಕ್ಕ ಕೂತು, ಏನಾದರೂ ಹೇಳಬೇಕಾಗಿದೆಯೇ ಎಂದು ಕೇಳಿ. ಅವಳು ಹೇಳಿ ಮುಗಿಸುವ ತನಕ ನೀವು ಮಾತಾಡಬೇಡಿ.