ಹಿಡಿದು ನಿಲ್ಲಿಸಿದ ಸ್ವರ

ವಾದ್ಯವೃಂದದ ಹಿರಿಯ ಕಂಡಕ್ಟರು ಮೆಟ್ಟಿಲು ಜಾರಿ ಭುಜ ಮುರಿದುಕೊಂಡರು. ಎಲ್ಲರನ್ನೂ ನಡೆಸುವ ಕೋಲು ಅವರ ಸಹಾಯಕಿಯ ಕೈಗೆ ಬಂತು. ಮನೆಯಲ್ಲಿ ಅವಳ ಅಡ್ಡಹೆಸರು ಅವಸರಿ. ಒಲೆಯ ಮೇಲಿಟ್ಟ ನೀರು ಕುದಿಯುವವರೆಗೂ ಒಂದೆಡೆ ನಿಲ್ಲಲಾರದ ಹೆಣ್ಣು. ಪಿಟೀಲಿನವರ ಸಾಲಿಗೆ ಮುಖ್ಯಸ್ಥೆ ಅವಳ ಒಡಹುಟ್ಟಿದ ಅಕ್ಕ.

ಕಷ್ಟವಿದ್ದದ್ದು ಒಂದೇ ಕಡೆ. ಮುಂದಿನ ಸಂಗೀತ ಕಚೇರಿಯಲ್ಲಿ ನುಡಿಸಬೇಕಿದ್ದ ಕೃತಿಯ ನಡುವೆ ಎಲ್ಲರೂ ಒಂದು ಸ್ವರವನ್ನು ಹಿಡಿದು ನಿಲ್ಲಬೇಕು. ಎಷ್ಟು ಹೊತ್ತು ಎಂಬುದು ಕೋಲು ಹಿಡಿದವರಿಗೆ ಬಿಟ್ಟದ್ದು. ಅಲ್ಲಿಯವರೆಗೆ ನಿಧಾನವಾದ ಮೂರರ ಎಣಿಕೆ, ಅಲ್ಲಿಂದಾಚೆಗೆ ಬಿರುಸಾದ ಎರಡರ ಎಣಿಕೆ. ಅಭ್ಯಾಸದಲ್ಲಿ ಪ್ರತಿಸಲವೂ ಅಲ್ಲೇ ಎಡವಟ್ಟು. ಸ್ವರ ನೆಲೆ ನಿಲ್ಲುವ ಮೊದಲೇ ಅವಸರಿ ಅದನ್ನು ಕತ್ತರಿಸಿ ಕೈ ಬೀಸುವಳು. ಪಿಟೀಲುಗಳು ಓಡುತ್ತಿದ್ದವು, ಟ್ರಂಪೆಟ್ಟುಗಳು ಇನ್ನೂ ಮೂರನ್ನೇ ಎಣಿಸುತ್ತಿದ್ದವು. ಎತ್ತು ಏರಿಗೆ, ಕೋಣ ನೀರಿಗೆ.

"ಟ್ರಂಪೆಟ್‌ನವರು ನನ್ನ ಕೈ ನೋಡ್ತಾನೇ ಇಲ್ಲ," ಎಂದು ರೇಗಿದಳು.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ," ಎಂದಳು ಅಕ್ಕ. "ಬರೀ ರೈಟ್ ರೈಟ್ ಅಂದ್ರೆ ಸಾಕೇನೇ? ಕಂಡಕ್ಟರ್ ಆದ್ಮೇಲೆ ಹೋಲ್ಡಾನ್ ಅನ್ನೋದೂ ಗೊತ್ತಿರ್ಬೇಕು."

ಎಲ್ಲರೂ ಗೊಳ್ಳೆಂದು ನಕ್ಕರು. ಅವಸರಿಯ ಕಿವಿ ಕೆಂಪಾಯಿತು.

ಕಚೇರಿಯ ದಿನ ಬೆಳಿಗ್ಗೆ ಅವಳು ಬಾಲ ಸುಟ್ಟ ಬೆಕ್ಕಿನಂತೆ ಅಡುಗೆಮನೆಯಲ್ಲಿ ಕೈ ಬೀಸುತ್ತ ಓಡಾಡುತ್ತಿದ್ದಾಗ ಅಕ್ಕ ಬಾಗಿಲಲ್ಲಿ ಬಂದು ನಿಂತಳು.

"ಸ್ವರ ಹಿಡಿದಾಗ ನಿನ್ನ ತಲೇಲಿ ಏನು ಓಡುತ್ತೆ?"

"ಬೇಗ ಮುಗೀಲಿ ಅಂತ. ಎಲ್ರೂ ನನ್ನೇ ನೋಡ್ತಿರ್ತಾರೆ."

"ಮುಂದಿನ ವೇಗ ಮೊದ್ಲು ನಿನ್ನೊಳಗೆ ಕೇಳಿಸ್ಬೇಕು. ನೀನು ಕೈ ಎತ್ತೋದು ಹಳೇ ವೇಗದಲ್ಲಿ, ಇಳಿಸೋದು ಹೊಸದರಲ್ಲಿ. ನಾವು ಯಾವುದನ್ನ ನಂಬೋದು?"

"ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ, ಅಕ್ಕಾ?"

ಅಕ್ಕ ಒಳಗೆ ಬಂದು, ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದಳು. "ಮನಸ್ಸು ಬರ್ಲಿಲ್ಲ. ಆ ಕೋಲು ನನಗೆ ಕೊಡ್ತಾರೆ ಅಂದ್ಕೊಂಡಿದ್ದೆ."

ಅವಸರಿ ಆ ಲೋಟವನ್ನು ಅಕ್ಕನ ಕೈಯಿಂದ ತೆಗೆದು ಒರೆಸಿಟ್ಟಳು.

ಸಂಜೆ ಸಭಾಂಗಣ ತುಂಬಿತ್ತು. ಆ ಜಾಗ ಬಂತು. ಅವಳು ಕೈ ಚಾಚಿ ಸ್ವರವನ್ನು ಹಿಡಿದಳು. ಒಳಗೆ ಯಾವ ವೇಗವೂ ಕೇಳಿಸಲಿಲ್ಲ. ಯಾರೋ ಕೆಮ್ಮಿದರು. ಊದುವವರ ಮುಖ ಕೆಂಪೇರುತ್ತಿತ್ತು. ಬಿಟ್ಟುಬಿಡು, ಬಿಟ್ಟುಬಿಡು ಎಂದು ತೋಳು ಬೇಡಿತು. ಬಿಡಲಿಲ್ಲ. ಅಕ್ಕನ ಪಿಟೀಲಿನ ಕಮಾನು ತುದಿಯ ಕಡೆಗೆ ಸಾಗುತ್ತಿತ್ತು, ಆದರೆ ಕಣ್ಣು ತಂಗಿಯ ಮೇಲೆಯೇ ಇತ್ತು. ಆಗ, ಎಲ್ಲಿಂದಲೋ, ಎರಡರ ಬಿರುಸು ಎದೆಯಲ್ಲಿ ಬಡಿಯತೊಡಗಿತು. ಅದೇ ವೇಗದಲ್ಲಿ ಕೈ ಎತ್ತಿದಳು. ಹಳೆಯ ಸ್ವರವನ್ನು ಮುಗಿಸಿದ್ದೂ ಹೊಸದನ್ನು ಕರೆದದ್ದೂ ಒಂದೇ ಸನ್ನೆ. ಎಲ್ಲರೂ ಒಟ್ಟಿಗೆ ಧುಮುಕಿದರು. ಒಂದು ಟ್ರಂಪೆಟ್ ಮಾತ್ರ ತಡವಾಗಿ ಬಂದು, ಹೇಗೋ ಜೊತೆಗೂಡಿತು. ಕೃತಿ ಕೊನೆ ಮುಟ್ಟಿತು, ಚಪ್ಪಾಳೆಯೂ ಬಂತು.

ಮನೆಗೆ ನಡೆಯುವಾಗ ಅಕ್ಕ ಸಿಡುಕಿದಳು: "ಕಮಾನು ಮುಗಿದೇ ಹೋಗಿತ್ತು ಕಣೇ! ಇನ್ನೊಂದು ಉಸಿರು ಕಾದಿದ್ರೆ ಸ್ವರ ನಿಂತು ನನ್ನ ಮಾನ ಹೋಗ್ತಿತ್ತು."

"ಹೆಚ್ಚಾಯ್ತಾ?"

"ಹೆಚ್ಚೇ."

"ಚೆನ್ನಾಗಿರ್ಲಿಲ್ವಾ?"

"ಚೆನ್ನಾಗಿತ್ತು. ಅದಕ್ಕೇ ಸಿಟ್ಟು ಬಂದಿರೋದು."

ಅಕ್ಕ ಪಿಟೀಲಿನ ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಬಿರಬಿರನೆ ನಡೆದಳು. ಅವಸರಿ ಹಿಂದೆಯೇ ಓಡಿದಳು. "ನಿಲ್ಲೇ ಅಕ್ಕಾ! ಆ ಟ್ರಂಪೆಟ್‌ನವರಿಗೆ ನಾಳೆ ಏನು ಹೇಳ್ಲಿ? ನೀನೇ ಸ್ವಲ್ಪ ಹೇಳ್ಕೊಡು."