ಹಲ್ಲುಜ್ಜಿ ಚಹಾ ರುಚಿ ನೋಡಿದವನು

ಚಹಾ ಕಂಪನಿಯ ಹಿರಿಯ ರುಚಿಗಾರನದು ಎಂಥ ನಾಲಿಗೆಯೆಂದರೆ, ಒಂದು ಗುಟುಕು ಹೀರಿದರೆ ಸಾಕು, ಎಲೆ ಬೆಳೆದ ಗುಡ್ಡ ಯಾವುದು, ಕಿತ್ತವಳು ಅಂದು ಗಂಡನ ಜೊತೆ ಜಗಳವಾಡಿದ್ದಳೇ ಎಂಬುದನ್ನೂ ಹೇಳಿಬಿಡುತ್ತಿದ್ದ. ಆ ನಾಲಿಗೆಯನ್ನು ಕಾಪಾಡಲು ಇಪ್ಪತ್ತೆಂಟು ವರ್ಷ ಅವನು ಬೆಳಗ್ಗೆ ಹಲ್ಲುಜ್ಜಿರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆಯೇ ಬ್ರಷ್ಷು.

ಮನೆಗೆ ಬಂದ ಹೊಸ ಸೊಸೆ ದಂತವೈದ್ಯೆ. ಮೂರನೇ ಬೆಳಗ್ಗೆಯೇ ಕಳ್ಳ ಸಿಕ್ಕಿಬಿದ್ದ.

"ಮಾವ, ನಿಮ್ಮ ಬ್ರಷ್ಷು ಒಣಗಿದೆ."

"ನಾನು ಸಂಜೆ ಪಾರ್ಟಿ ಕಣಮ್ಮ."

"ರಾತ್ರಿಯೆಲ್ಲ ಬಾಯಲ್ಲಿ ಕ್ರಿಮಿ ಸಂಸಾರ ಹೂಡಿರುತ್ವೆ. ಎದ್ದ ತಕ್ಷಣ, ತಿಂಡಿಗೆ ಮುಂಚೆ ಉಜ್ಜಬೇಕು. ಮಲಗೋಕೆ ಮುಂಚೆ ಇನ್ನೊಂದ್ಸಲ."

"ಇವತ್ತೊಂದಿನ ಬಿಡಮ್ಮ. ನನ್ನ ಕುರ್ಚಿಗೇ ಪರೀಕ್ಷೆ! ಹನ್ನೆರಡು ಕಪ್ಪಲ್ಲಿ ಒಂದು ಕೆಟ್ಟ ಚಹಾ. ಹಿಡೀಲಿಲ್ಲ ಅಂದ್ರೆ ಸಾಹುಕಾರರ ಭಾವಮೈದ ಬಂದು ಕೂತ್ಕೋತಾನೆ."

"ಕುರ್ಚಿ ಹೋದ್ರೆ ಇನ್ನೊಂದು ಸಿಗತ್ತೆ. ಹಲ್ಲು?"

ಹೆಂಡತಿಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ವಿದ್ಯೆ ಅವನಿಗೆ ಕರಗತ. ಇಕ್ಕಳ ಹಿಡಿಯುವ ಸೊಸೆಯ ಮುಂದೆ ಅದು ನಡೆಯಲಿಲ್ಲ. ತೆಪ್ಪಗೆ ಉಜ್ಜಿದ.

ಬಿಳಿ ಹಂಚಿನ ಕೋಣೆಯಲ್ಲಿ ಹನ್ನೆರಡು ಕಪ್ಪು ಹಬೆಯಾಡುತ್ತಿದ್ದವು. ಆಚೆ ಸಾಹುಕಾರರು, ಈಚೆ ಕುರ್ಚಿಯ ಅಳತೆಯನ್ನು ಕಣ್ಣಲ್ಲೇ ತೆಗೆಯುತ್ತಿದ್ದ ಭಾವಮೈದ. ರುಚಿಗಾರ ಚಮಚದಿಂದ ಸೊರ್ರೆಂದು ಹೀರಿ, ಬಕೆಟ್ಟಿಗೆ ಉಗಿದ. ಬಾಯಿತುಂಬ ಟೂತ್‌ಪೇಸ್ಟಿನ ಪುದೀನ. ಎರಡನೆಯದೂ ಪುದೀನ. ಎಂಟನೆಯದೂ ಅದೇ ಪುದೀನ.

"ಏನ್ ಯಜಮಾನ್ರೇ, ನಾಲಿಗೆ ರಜಾ ಹಾಕಿದೆಯಾ?" ಭಾವಮೈದ ಕಿಸಕ್ಕೆಂದ.

ಒಂಬತ್ತನೆಯದನ್ನು ಹೀರಿದವನು ಥಟ್ಟನೆ ನಿಂತ. ಸುಣ್ಣ ಬಳಿದ ಗೋಡೆಯ ಮೇಲೆ ಕೈಗುರುತು ಎದ್ದು ಕಾಣುವ ಹಾಗೆ, ಪುದೀನದ ಮೇಲೆ ಒದ್ದೆ ಗೋಣಿಯ ರುಚಿ ಎದ್ದು ಕೂತಿತ್ತು.

"ಇದೇ! ಇದರ ಮೂಟೆ ಮಳೇಲಿ ನೆಂದಿದೆ!"

ಸಾಹುಕಾರರು ಚೀಟಿ ತೆಗೆದು ನೋಡಿದರು. ಒಂಬತ್ತೇ.

ಹಲ್ಲುಜ್ಜಿ ಬಂದ ಗುಟ್ಟು ಬಯಲಾಗಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಮರುದಿನ ಭಾವಮೈದ ತನ್ನನ್ನೂ ಪರೀಕ್ಷಿಸಿ ಎಂದು ಎರಡೆರಡು ಸಲ ಉಜ್ಜಿಕೊಂಡು ಬಂದು, ಕಪ್ಪು ತೊಳೆದ ನೀರನ್ನು ಹೀರಿ, "ಮೊದಲನೇ ದರ್ಜೆ ಎಲೆ," ಎಂದು ಸಹಿ ಹಾಕಿದ. ಈಗ ಅವನು ಗೋದಾಮಿನಲ್ಲಿ ಗೋಣಿ ಎಣಿಸುತ್ತಿದ್ದಾನೆ.

"ಅಂತೂ ಕುರ್ಚಿ ಉಳೀತಲ್ಲ, ಮಾವ?" ಸೊಸೆ ಕೇಳಿದಳು.

"ಉಳೀತಮ್ಮ. ನಿನ್ನ ಬಾಯಿಗೆ ಸಕ್ಕರೆ ಹಾಕ."

"ಸಕ್ಕರೆ ಬೇಡ, ಹುಳುಕಾಗತ್ತೆ. ನಾಳೆಯಿಂದ ನಾಲಿಗೇನೂ ಉಜ್ಜಿ."